ಕುರಿಗಳು ಹೊತ್ತ ಜರ್ಮನ್

ಗುತ್ಯಮ್ಮ ಕೂತಿದ್ದನ್ನು ಕಂಡವರು ಕಡಿಮೆ. ಶಿಕಾರಿಪುರದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳು ಮಧ್ಯಾಹ್ನದ ಊಟವನ್ನೂ ಕಿಟಕಿಗೆ ಒರಗಿ ನಿಂತುಕೊಂಡೇ ಮುಗಿಸುತ್ತಿದ್ದಳು. ಹೆರಿಗೆಗೆ ಬಂದ ಹೆಂಗಸು ಹಗಲೆಲ್ಲ ನೋವು ತಿನ್ನುತ್ತಿದ್ದರೆ ಉಳಿದ ನರ್ಸುಗಳು ಸ್ಟೂಲು ಎಳೆದುಕೊಂಡು ಕಾಯುವರು. ಇವಳು ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಕಾಯುವಳು. ಚಪ್ಪಲಿ ಬೇಗ ಸವೆಯುತ್ತಿತ್ತು. ಮಲಗಿದಾಗಲೂ ಪಾದಗಳು ಮಾತ್ರ ಎಲ್ಲಿಗೋ ಹೊರಟಂತೆ ಹೊದಿಕೆಯ ಆಚೆ ಇರುತ್ತಿದ್ದವು.

ಅದು ಮನೆತನದಿಂದ ಬಂದದ್ದು. ಅಂಜನಾಪುರದ ಜಲಾಶಯದ ಕೆಳಗಿನ ಹಳ್ಳಿಯ ಉಜ್ಜಪ್ಪ, ಅವಳ ಅಪ್ಪ, ನಡೆದೇ ಬದುಕಿದವನು. ಸುಗ್ಗಿ ಮುಗಿದರೆ ಸಾಕು, ಕುರಿಗಳನ್ನು ಹೊಡೆದುಕೊಂಡು ಹೊರಡುವುದು. ಯಾರ ಹೊಲಕ್ಕೆ ಗೊಬ್ಬರ ಬೇಕೋ ಅವರ ಹೊಲದಲ್ಲಿ ಮಂದೆ ತಂಗಿಸುವುದು. ಬೆಳಗಾದರೆ ಮುಂದಿನ ಊರು. ಗುತ್ಯಮ್ಮ ಹುಟ್ಟಿದ್ದೂ ಅಂಥ ಒಂದು ದಾರಿಯಲ್ಲೇ, ಸೊರಬದಾಚೆ ಚಂದ್ರಗುತ್ತಿಯ ಬೆಟ್ಟ ಕಾಣುವ ಬಯಲಿನಲ್ಲಿ. ಅದಕ್ಕೇ ಆ ಹೆಸರು. ಅವಳು ಶಾಲೆ ಸೇರುವ ಹೊತ್ತಿಗೆ ನಾಲೆಯ ನೀರು ಅವರ ಹೊಲಕ್ಕೂ ತಿರುಗಿತು. ಅಣ್ಣ ಲೋಕಪ್ಪ ದೊಡ್ಡವನಾಗಿ ಭತ್ತ ಹಾಕಿದ. ಭತ್ತ ಕೂತು ಕಾಯಬೇಕಾದ ಬೆಳೆ. ಮನೆ ಕೂತಿತು. ತಾಯಿ ತೀರಿಕೊಂಡಳು. ಅಪ್ಪ ಒಂದಿಷ್ಟು ಕುರಿ ಉಳಿಸಿಕೊಂಡು ನಾಲೆಯ ಏರಿಯ ಮೇಲೆ ಸಂಜೆಯ ತನಕ ಓಡಾಡಿಕೊಂಡಿದ್ದ. ಮನೆ ಕೂತ ಸುದ್ದಿ ಮಗಳ ಕಾಲಿಗೆ ಮಾತ್ರ ತಲುಪಲೇ ಇಲ್ಲ.

ಎಪ್ಪತ್ತೊಂದರ ಬೇಸಿಗೆಯಲ್ಲಿ, ಶಿವಮೊಗ್ಗದಲ್ಲಿ ಜೊತೆಗೆ ನರ್ಸಿಂಗ್ ಕಲಿತಿದ್ದ ಮಂಗಳೂರಿನ ಗೆಳತಿಯೊಬ್ಬಳು ಪಶ್ಚಿಮ ಜರ್ಮನಿಗೆ ಹೊರಡುವ ಮುಂಚೆ ಬಂದು ನೋಡಿ ಹೋದಳು. ತಾನು ಸೇರಲಿರುವ ಆಸ್ಪತ್ರೆಗೆ ಇನ್ನೂ ನರ್ಸುಗಳು ಬೇಕಂತೆ. ಬರುವ ಶಿವರಾತ್ರಿಯ ಹೊತ್ತಿಗೆ ಅಲ್ಲಿಯ ಸಿಸ್ಟರ್ ಒಬ್ಬರು ಬೆಂಗಳೂರಿನ ಕಾನ್ವೆಂಟಿಗೆ ಬಂದು, ಮಾತಾಡಿಸಿ, ಆರಿಸುತ್ತಾರಂತೆ. ಕೆಲಸ ಹೇಗೂ ಬರುತ್ತದೆ, ಭಾಷೆ ಬರಬೇಕು, ಅಷ್ಟೇ. ತಾನು ಓದಿ ಮುಗಿಸಿದ ಜರ್ಮನ್ ಪಾಠದ ಪುಸ್ತಕವನ್ನು ಗುತ್ಯಮ್ಮನ ಕೈಗಿಟ್ಟು ಅವಳು ಬಸ್ಸು ಹತ್ತಿದಳು. ಆ ಬಸ್ಸಿನ ಹಿಂದೆ ಗುತ್ಯಮ್ಮ ಒಂದಷ್ಟು ದೂರ ನಡೆದೇ ಹೋದಳು, ಬೀಳ್ಕೊಡುವ ನೆಪದಲ್ಲಿ.

ಅದೇ ದಿನಗಳಲ್ಲಿ ಲೋಕಪ್ಪ ಸೊರಬ ತಾಲ್ಲೂಕಿನ ಉಳವಿಯಿಂದ ಒಂದು ಸಂಬಂಧ ತಂದ. ಹುಡುಗ ಆನಂದಪ್ಪ, ಸೊಸೈಟಿಯಲ್ಲಿ ಗುಮಾಸ್ತ, ಮೆತ್ತಗಿನ ಮನುಷ್ಯ, ದೂರಲು ಏನೂ ಇಲ್ಲ. ಅವನ ತಾಯಿ ಹೆಣ್ಣು ನೋಡಲು ಬಂದು ಕಾಫಿ ಕುಡಿಯುವಷ್ಟು ಹೊತ್ತೂ ಗುತ್ಯಮ್ಮ ಬಾಗಿಲಿಗೂ ಒಲೆಗೂ ನಡುವೆ ಓಡಾಡಿದಳು. ಆಕೆ ಲೋಟ ಕೆಳಗಿಟ್ಟು, ಹೆಣ್ಣುಮಕ್ಕಳನ್ನು ‘ಅದು’ ಎಂದೇ ಕರೆಯುವ ತಮ್ಮ ಕಡೆಯ ರೂಢಿಯಂತೆ ಲೋಕಪ್ಪನಿಗೆ ಹೇಳಿದಳು:

“ಹುಡ್ಗಿ ಚೆನ್ನಾಗಿದೆ ಮಾರಾಯ್ರೆ. ಆದ್ರೆ ಅದು ಕೂತ್ಕಳದೇ ಇಲ್ವಲ್ಲ.”

ಮನೆಯಲ್ಲಿ ಮಾತಿಗೆ ಮಾತು ಬೆಳೆದು ಕೊನೆಗೆ ಹೀಗೆ ನಿಂತಿತು: ಬೆಂಗಳೂರಿನಲ್ಲಿ ಆಯ್ಕೆಯಾದರೆ ಜರ್ಮನಿ, ಆಗದಿದ್ದರೆ ಉಳವಿ. ಉಳವಿಯವರು ಕಾಯಲು ಒಪ್ಪಿದರು. ಕಾಯುವುದು ಅವರಿಗೆ ಬರುತ್ತಿತ್ತು.

ಪುಸ್ತಕದ ಮೊದಲ ಪಾಠದಲ್ಲೇ ಗುತ್ಯಮ್ಮ ಮುಗ್ಗರಿಸಿದಳು. ಡೇರ್, ಡೀ, ಡಾಸ್. ಆ ಭಾಷೆಯಲ್ಲಿ ಯಾವ ವಸ್ತುವೂ ಒಂಟಿಯಾಗಿ ಬರುವುದಿಲ್ಲ. ಈ ಮೂರರಲ್ಲಿ ಒಂದನ್ನು ಮುಂದೆ ಬಿಟ್ಟುಕೊಂಡೇ ಬರಬೇಕು. ಡೇರ್ ಗಂಡಿಗೆ, ಡೀ ಹೆಣ್ಣಿಗೆ, ಡಾಸ್ ಎರಡೂ ಅಲ್ಲದ್ದಕ್ಕೆ. ಮನುಷ್ಯರಿಗಾದರೆ ಸರಿ. ಚಮಚ ಗಂಡು, ಸೂಜಿ ಹೆಣ್ಣು, ಹಾಸಿಗೆ ಎರಡೂ ಅಲ್ಲ ಎಂದರೆ ಯಾರು ಯಾವಾಗ ನೋಡಿ ಹೇಳಿದರು? ಕೈ ಹೆಣ್ಣಂತೆ, ಆ ಕೈಯ ಬೆರಳು ಗಂಡಂತೆ. ‘ಈ’ ಎನ್ನುವುದಕ್ಕೂ ಅದೇ ಕಾಟ. ನಮ್ಮ ‘ಈ’ ಯಾರ ಮುಂದೆಯೂ ಬಾಗುವುದಿಲ್ಲ. ಈ ಗಂಡ, ಈ ಹೆಂಡತಿ, ಈ ಕೊಡಲಿ. ಅಲ್ಲಿ ಮಾತ್ರ ಚಮಚವಾದರೆ ಡೀಸರ್, ಸೂಜಿಯಾದರೆ ಡೀಸೆ, ಹಾಸಿಗೆಯಾದರೆ ಡೀಸೆಸ್ ಎಂದು ಬಾಲ ಬದಲಿಸಿಕೊಳ್ಳಬೇಕು. ಅವಳು ಥರ್ಮಾಮೀಟರ್ ಕೊಡವುತ್ತ, ಬ್ಯಾಂಡೇಜು ಸುತ್ತುತ್ತ ಗೊಣಗಿಕೊಳ್ಳುತ್ತಿದ್ದಳು. ರೋಗಿಗಳು ಮಂತ್ರ ಹಾಕುತ್ತಿದ್ದಾಳೆ ಅಂದುಕೊಂಡು ಸುಮ್ಮನಿರುತ್ತಿದ್ದರು.

ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ ಶಿರಾಳಕೊಪ್ಪದ ವ್ಯಾಪಾರಿಯೊಬ್ಬ ಅದನ್ನು ಕೇಳಿ ನಕ್ಕ. ತಮ್ಮ ಊರಿನಲ್ಲಿ ಕಲಾಯಿ ಹಾಕುವ ವಲೀಸಾಬ್ ಇದ್ದಾನೆ. ದೊಡ್ಡ ಯುದ್ಧದಲ್ಲಿ ಮರುಭೂಮಿಯಲ್ಲಿ ಸೆರೆ ಸಿಕ್ಕಿ, ಜರ್ಮನಿಯಲ್ಲಿ ಇದ್ದು ಬಂದವನು. ಸಿಟ್ಟು ಬಂದರೆ ಈಗಲೂ ಇದೇ ಭಾಷೆಯಲ್ಲಿ ಬೈಯುತ್ತಾನೆ ಎಂದ.

ವಾರದ ರಜೆಯ ದಿನ ಅವಳು ಶಿರಾಳಕೊಪ್ಪದ ಬಸ್ಸು ಹತ್ತಿದಳು. ಸಂತೆಪೇಟೆಯ ಹಿಂದಿನ ಓಣಿಯಲ್ಲಿ ವಲೀಸಾಬ್ ಹಿತ್ತಾಳೆ ಪಾತ್ರೆಯೊಂದನ್ನು ಕೆಂಡದ ಮೇಲೆ ತಿರುಗಿಸುತ್ತ, ಕರಗಿದ ತವರವನ್ನು ಹತ್ತಿಯಿಂದ ಒಳಮೈಗೆಲ್ಲ ಬಳಿಯುತ್ತಿದ್ದ. ಹೊಗೆ ಕಣ್ಣಿಗೆ ಕುಟುಕುತ್ತಿತ್ತು. ಗಡ್ಡ ಬೆಳ್ಳಗಾಗಿತ್ತು, ಬೆನ್ನು ಇನ್ನೂ ಸಿಪಾಯಿಯದು. ಅವಳ ಬೇಡಿಕೆ ಕೇಳಿ, ಒಳಗೆ ಹೆಂಡತಿ ಕುಬ್ರಾ ಬೀ ಇದ್ದಾಳೋ ಎಂದು ಇಣುಕಿ ನೋಡಿ, ದನಿ ತಗ್ಗಿಸಿದ.

“ನಂದು ಹೊಲದ ಭಾಷೆ ಸಿಸ್ಟರಮ್ಮ. ಒಬ್ಬ ರೈತನ ಮನೇಲಿ ಕೆಲ್ಸಕ್ಕೆ ಹಾಕಿದ್ರು. ಹಂದಿ ಕೊಟ್ಟಿಗೇಲಿ ನಿಂತು ಕಲ್ತಿದ್ದು. ಇಲ್ಲಿ ಹೇಳ್ಬೇಡ.”

“ಮದ್ವೆ ಆದಾಗಿಂದ ಗೊತ್ತು,” ಎಂದಳು ಕುಬ್ರಾ ಬೀ ಒಳಗಿನಿಂದಲೇ. ಗಂಡನ ಹೆಸರು ಹಿಡಿಯದ ಅವಳಿಗೆ ಅವನು ಯಾವಾಗಲೂ ‘ಇವರು’. “ಇವರು ನಿದ್ದೇಲೂ ಅದೇ ಹಂದಿ ಓಡಿಸ್ತಾರೆ.”

ವಲೀಸಾಬ್ ತನಗೆ ಕಲಿಸಿದ ರೀತಿಯಲ್ಲೇ ಕಲಿಸಿದ. ಆ ರೈತನ ಮನೆಯ ಮುದುಕಿ ವಸ್ತುವನ್ನು ಮುಟ್ಟಿಸಿ ಹೆಸರು ಹೇಳಿಸುತ್ತಿದ್ದಳಂತೆ. ಮುಂದಿನ ಡೇರೋ ಡೀಯೋ ತಪ್ಪಿದರೆ ಮಣಿಕಟ್ಟಿಗೆ ಏಟು. ಹಾಗೆ ಅವನು ಸೌಟು ಚಾಚುವನು, ಗುತ್ಯಮ್ಮ ಸೌಟಿನ ತುದಿಯಲ್ಲಿದ್ದುದನ್ನು ಹೆಸರಿಸುವಳು. ಅವನಿಗೂ ಎಲ್ಲ ನೆನಪಿರಲಿಲ್ಲ. ಮರೆತ ಕಡೆ ಮನೆಯ ಉರ್ದುವಿನಿಂದ ಸಾಲ ತಂದು ಹಚ್ಚಿಬಿಡುತ್ತಿದ್ದ. ಉರ್ದುವಿನಲ್ಲಿ ಕುರ್ಚಿ ಹೆಣ್ಣು, ಹಾಗಾದರೆ ಎಲ್ಲಿ ಹೋದರೂ ಹೆಣ್ಣೇ ಇರಬೇಕು ಎಂಬುದು ಅವನ ವಾದ. ಶಿಕಾರಿಪುರದ ತನ್ನ ಬಾಡಿಗೆ ರೂಮಿಗೆ ಬಂದು ಪುಸ್ತಕ ತೆರೆದರೆ ಅಲ್ಲಿ ಕುರ್ಚಿ ಮೀಸೆ ಹೊತ್ತು ನಿಂತಿರುತ್ತಿತ್ತು. ‘ಆ’ ಎನ್ನಲು ಪುಸ್ತಕದಲ್ಲಿ ‘ಯೇನರ್’ ಎಂದಿತ್ತು. ಅದನ್ನು ಕೇಳಿ ವಲೀಸಾಬ್ ತಲೆಯಾಡಿಸಿದ. ಆ ಮನೆಯಲ್ಲಿ ಯಾರೂ ಹಾಗೆ ಅಂದದ್ದು ಅವನು ಕೇಳಿರಲಿಲ್ಲ. ಡೇರ್ ಡಾ, ಡೀ ಡಾ ಎಂದು ಬೆರಳು ತೋರಿಸುತ್ತಿದ್ದರು, ಆಯಿತು. ಬೆರಳು ಇರುವ ತನಕ ಚಿಂತೆ ಇಲ್ಲ ಎಂದ.

ಆದರೂ ಕಲಿತದ್ದು ನಿಲ್ಲುತ್ತಿರಲಿಲ್ಲ. ಪುಸ್ತಕ ಹಿಡಿದು ಕೂರಬೇಕು. ಕೂತರೆ ಕಾಲು ಎಳೆಯುತ್ತದೆ. ಎದ್ದು ನಡೆದರೆ ಡೇರ್ ಡೀ ಡಾಸ್ ದಾರಿಯುದ್ದಕ್ಕೂ ಉದುರುತ್ತವೆ. ಮಳೆಗಾಲ ಹಾಗೇ ಕಳೆಯಿತು. ಉಳವಿಯ ಅಡಿಗೆಮನೆಯಲ್ಲಿ ತಾನು ಒಲೆಯ ಮುಂದೆ ಕೂತ ಚಿತ್ರ ಅವಳಿಗೆ ಬೇಡವೆಂದರೂ ಕಾಣತೊಡಗಿತು.

ಉಜ್ಜಪ್ಪನ ಮನೆಯಲ್ಲಿ ಕುರಿಗಳನ್ನು ಎಣಿಸುತ್ತಿರಲಿಲ್ಲ. ಎಣಿಸಿದರೆ ಕಡಿಮೆಯಾಗುತ್ತವೆ ಎಂಬ ಭಯ ಅವನ ಅಜ್ಜನ ಕಾಲದ್ದು. ಸಂಜೆ ಅವನು ರೊಪ್ಪದ ಬಾಯಲ್ಲಿ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಯ ಕಿರುದಾರಿಯಲ್ಲಿ, ಒಂದು ಕಾಲು ಅಡ್ಡ ಚಾಚಿ ನಿಲ್ಲುತ್ತಿದ್ದ. ಒಂದೊಂದನ್ನೇ ಒಳಗೆ ಬಿಡುತ್ತ, ಪ್ರತಿಯೊಂದರ ಬೆನ್ನಿನ ಮೇಲೆ ಕೈಯಿಟ್ಟು “ಇದು ಬಂತು” ಅನ್ನುವನು. ಎಲ್ಲ ಬಂದ ಮೇಲೆ, ಮಾರಿದ ಕುರಿಗೆ, ಸತ್ತ ಕುರಿಗೆ, ಖಾಲಿ ಗಾಳಿಯ ಮೇಲೆ ಹಾಗೇ ಕೈ ಹಿಡಿದು “ಅದು ಅಲ್ಲೈತೆ” ಅನ್ನುವನು. ‘ಹೋಯ್ತು’ ಎಂಬ ಮಾತನ್ನು ರೊಪ್ಪದ ಬಾಯಲ್ಲಿ ಆಡುವಂತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಕುರಿಗಳು ಮರಿ ಹಾಕಿದ್ದವು. ಒಂದು ಸಂಜೆ ಗುತ್ಯಮ್ಮ ಮನೆಗೆ ಬಂದವಳು ಅಪ್ಪನ ಪಕ್ಕ ನಿಂತಿದ್ದಳು. ಟಗರು ಬಂತು, ಅವಳ ಬಾಯಿ ತಾನಾಗಿ ಡೇರ್ ಅಂದಿತು. ಕುರಿ ಬಂತು, ಡೀ. ಅದರ ಹಿಂದೆಯೇ ಪುಟಿಯುತ್ತ ಮರಿ ಬಂತು. ಅದಿನ್ನೂ ಗಂಡೂ ಅಲ್ಲ, ಹೆಣ್ಣೂ ಅಲ್ಲ, ಬರೀ ಮರಿ. ಡಾಸ್. ಕುರಿಗಳನ್ನು ಅವಳು ಎಂದೂ ಓದಿ ನೆನಪಿಟ್ಟುಕೊಂಡವಳಲ್ಲ. ಕತ್ತಲಲ್ಲಿ ಬೆನ್ನು ಮುಟ್ಟಿದರೆ ಯಾವುದೆಂದು ಹೇಳಬಲ್ಲವಳು. ಅಂದಿನಿಂದಲೇ ಮಾತುಗಳನ್ನು ಅವುಗಳ ಮೇಲೆ ಹೇರತೊಡಗಿದಳು. ಹಣೆಯಲ್ಲಿ ಬಿಳಿ ಮಚ್ಚೆಯಿದ್ದ ಕರಿ ಟಗರಿಗೆ ಶ್ಮೆರ್ಟ್ಸ್, ನೋವು. ಕೊಂಬು ಒಳಕ್ಕೆ ತಿರುಚಿದ ಇನ್ನೊಂದಕ್ಕೆ ಆರ್ಟ್ಸ್ಟ್, ಡಾಕ್ಟರು. ಕಿವಿ ಹರಿದ ಮುದಿ ಕುರಿಗೆ ವುಂಡೆ, ಗಾಯ. ತೆಳ್ಳಗಿನ ಕೆಂಚು ಕುರಿಗೆ ನಾಡೆಲ್, ಸೂಜಿ. ಮೈಯಲ್ಲಿನ ಎಷ್ಟೋ ಭಾಗ ಮರಿಗಳ ಪಾಲಿಗೇ ಬಂತು. ಆ ಭಾಷೆಯಲ್ಲಿ ಕಣ್ಣು, ಕಿವಿ, ಹೃದಯ, ರಕ್ತ, ಮೊಣಕಾಲು, ಅವುಗಳ ಜೊತೆಗೆ ಜ್ವರ, ಹಾಸಿಗೆ ಕೂಡ, ಎಲ್ಲವೂ ಡಾಸ್. ಕಣ್ಣಿಗೆ ಔಗೆ, ಕಿವಿಗೆ ಓರ್, ಹೃದಯಕ್ಕೆ ಹೆರ್ಟ್ಸ್. ಆ ವರ್ಷದ ಮರಿಗಳು ಒಬ್ಬ ಇಡೀ ರೋಗಿಯನ್ನು ಹೊತ್ತು ಏರಿಯ ಮೇಲೆ ಕುಣಿದಾಡಿದವು.

ಉಜ್ಜಪ್ಪ ಮೊದಲು ಏನೂ ಕೇಳಲಿಲ್ಲ. ಆಮೇಲೆ ಅವನಿಗೇ ರುಚಿ ಹತ್ತಿತು. ಔಗೆ ಇವತ್ತು ಹಾಲು ಕುಡಿಯಲಿಲ್ಲ, ಓರ್ ನಾಲೆಗೆ ಬೀಳುತ್ತಿತ್ತು, ಹೆರ್ಚಿಯ ಕಾಲಿಗೆ ಮುಳ್ಳು ಚುಚ್ಚಿತ್ತು ಎಂದು ಮಗಳು ಬಂದಾಗಲೆಲ್ಲ ವರದಿ ಒಪ್ಪಿಸುವನು. ಅವನ ಬಾಯಲ್ಲಿ ಹೆರ್ಟ್ಸ್ ‘ಹೆರ್ಚಿ’ ಆಗಿತ್ತು. ಆ ಭಾಷೆಯಲ್ಲಿ ಕುರಿ ಎಂಬ ಪದವೇ ಡಾಸ್ ಅಂತೆ, ಗಂಡಿರಲಿ ಹೆಣ್ಣಿರಲಿ ಎಂದು ಅವಳು ಹೇಳಿದ ದಿನ ಮಾತ್ರ ಅವನಿಗೆ ಬೇಸರವಾಯಿತು. ಕುರಿ ಮೇಯಿಸಿ ಗೊತ್ತಿಲ್ಲದ ಜನ ಇರಬೇಕು ಅಂದ. ಲೋಕಪ್ಪ ಗದ್ದೆಯಿಂದ ಬಂದು ಕಾಲು ತೊಳೆಯುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ.

“ಊರವರ ಕುರಿ ಹುಲ್ಲು ತಿಂತಾವೆ,” ಅನ್ನುವನು, “ನಮ್ಮವು ಪಾಠ ತಿಂತಾವೆ.”

ಬಕ್ರೀದಿಗೆ ಮುಂಚೆ ಅವನು ಟಗರುಗಳನ್ನು ಶಿರಾಳಕೊಪ್ಪದ ಸಂತೆಗೆ ಹೊಡೆದ. ಭತ್ತದ ಗದ್ದೆಗೆ ನುಗ್ಗುವ ಟಗರು ಇಟ್ಟುಕೊಂಡು ಪಕ್ಕದವರ ಬಾಯಿಗೆ ಯಾರು ಬೀಳಬೇಕು ಎಂಬುದು ಅವನ ಪ್ರತಿವರ್ಷದ ಮಾತು. ಸುದ್ದಿ ತಿಳಿದಾಗ ಗುತ್ಯಮ್ಮ ವಾರ್ಡಿನಲ್ಲಿದ್ದಳು. ನೋವು ಹೋಯಿತು, ಡಾಕ್ಟರು ಹೋದರು, ಬೆರಳು ಹೋಯಿತು, ತಲೆ ಹೋಯಿತು ಎಂದು ಟಗರುಗಳು ಹೊತ್ತಿದ್ದ ಡೇರ್ ಪದಗಳನ್ನೆಲ್ಲ ಒಂದೊಂದಾಗಿ ನೆನೆದಳು. ಡ್ಯೂಟಿ ಮುಗಿದ ಕೂಡಲೇ ಹೊರಟು, ಬಸ್ಸಿಗೂ ಕಾಯದೆ ನಡೆದು, ಸಂಜೆಗೆ ರೊಪ್ಪ ಸೇರಿದಳು. ಅಪ್ಪ ಖಾಲಿ ಗಾಳಿಯ ಮೇಲೆ ಕೈ ಹಿಡಿದು ಅದು ಅಲ್ಲೈತೆ ಅಂದಾಗ ಕಣ್ಣು ಮುಚ್ಚಿದಳು. ಕರಿ ಟಗರು ಹಣೆಯ ಬಿಳಿ ಮಚ್ಚೆಯೊಡನೆ ಬಂದು ಎದುರಿಗೆ ನಿಂತಿತು. ಡೇರ್ ಶ್ಮೆರ್ಟ್ಸ್. ಏನೂ ಅಳಿಸಿರಲಿಲ್ಲ. ಅವಳು ಅಪ್ಪನ ಹೆಗಲು ಹಿಡಿದು ನಕ್ಕಳು.

ಶಿವರಾತ್ರಿಯ ಹೊತ್ತಿಗೆ ಬೆಂಗಳೂರಿನಿಂದ ಸುದ್ದಿ ಬಂತು: ಸಿಸ್ಟರ್ ಈ ವರ್ಷ ಬರುವುದಿಲ್ಲ, ಮುಂದಿನ ಶಿವರಾತ್ರಿಗೆ ಬರುತ್ತಾರೆ. ಇಡೀ ಒಂದು ವರ್ಷ. ಗುತ್ಯಮ್ಮನಿಗೆ ಅದು ಕಟ್ಟಿಹಾಕಿದ ಹಾಗಾಯಿತು. ಆಸ್ಪತ್ರೆಯಲ್ಲಿ ಬೇರೆಯವರ ಸರದಿಯ ಕೆಲಸವನ್ನೂ ತಾನೇ ಮಾಡಿದಳು, ಸಂಜೆ ಊರ ಸುತ್ತ ನಡೆದಳು, ರಜೆ ಸಿಕ್ಕರೆ ಶಿರಾಳಕೊಪ್ಪ, ಅಲ್ಲಿಂದ ತಿರುಗಿದರೆ ರೊಪ್ಪ. ಪುಸ್ತಕ ಮುಂದೆ ಮುಂದೆ ಹೋದಂತೆ ಅಲ್ಲಿಯ ಪದಗಳೂ ಅವಳ ಹಾಗೆಯೇ ಒಂದೆಡೆ ನಿಲ್ಲದಾದವು. ವಾಕ್ಯದೊಳಗೆ ಹೊಕ್ಕರೆ ಡೇರ್ ಹೋಗಿ ಡೆನ್ ಆಗುತ್ತಿತ್ತು, ಡೆಮ್ ಆಗುತ್ತಿತ್ತು. ಅದನ್ನೂ ಹಿಡಿದಳು. ಲೋಕಪ್ಪ ಉಳವಿಯವರಿಗೆ ಏನು ಹೇಳಲಿ ಎಂದು ಕೇಳಿದಾಗಲೆಲ್ಲ ಅಪ್ಪ, ಬೆಂಗಳೂರಿನದು ಮುಗಿಯಲಿ ಅಂದ.

ನವರಾತ್ರಿಯ ಸುಮಾರಿಗೆ ಒಂದು ದಿನ ವಲೀಸಾಬ್ ಸೌಟು ಕೆಳಗಿಟ್ಟು, ಇವತ್ತು ಪಾತ್ರೆ ಸಾಕು, ನಿನ್ನ ಆಸ್ಪತ್ರೆಯ ಮಾತು ಕೇಳುತ್ತೇನೆ ಎಂದ. ನೋವು, ಡಾಕ್ಟರು, ಗಾಯ, ಸೂಜಿ ಎಲ್ಲವೂ ಸರಿ ಬಂದವು. ಅವನು ಮಸಿ ಹತ್ತಿದ ಬೆರಳಿನಿಂದ ತನ್ನ ಕಣ್ಣು ಮುಟ್ಟಿದ.

“ಡೇರ್ ಔಗೆ,” ಎಂದಳು ಗುತ್ಯಮ್ಮ.

ಕಿವಿ ಮುಟ್ಟಿದ. “ಡೀ ಓರ್.” ಎದೆಯ ಮೇಲೆ ಕೈಯಿಟ್ಟ. “ಡೀ ಹೆರ್ಟ್ಸ್.” ಮೊಣಕಾಲು, ಡೇರ್. ರಕ್ತ, ಡೀ. ಬಾಯಿ ತಡವರಿಸದೆ, ನೀರು ಕುಡಿದ ಹಾಗೆ, ಒಂದಾದ ಮೇಲೊಂದು ತಪ್ಪು ಹೇಳಿದಳು.

ವಲೀಸಾಬ್ ಅವಳ ಮುಖವನ್ನೇ ನೋಡಿದ. “ಹೋದ ವರ್ಷ ಇದೆಲ್ಲ ಸರಿ ಹೇಳ್ತಿದ್ದೆ ಬೇಟಿ,” ಎಂದ. “ಮನೇಲಿ ಏನಾದ್ರೂ ಆಯ್ತಾ?”

ಒಳಗಿನಿಂದ ಕುಬ್ರಾ ಬೀ ಚಹಾ ತಂದಳು. ಗುತ್ಯಮ್ಮ ಅದನ್ನು ಹಾಗೇ ಬಿಟ್ಟು ಬಸ್ಸಿಗೆ ಓಡಿದಳು. ಖಾಲಿ ಸೀಟಿದ್ದರೂ ಕಂಬ ಹಿಡಿದು ನಿಂತೇ ಬಂದಳು. ತನ್ನ ತಲೆಗೇ ಏನೋ ಆಗಿದೆ, ಕಲಿತದ್ದು ಒಳಗೆ ಕೊಳೆಯುತ್ತಿದೆ, ಇನ್ನು ಉಳವಿಯೇ ಗತಿ ಎಂಬ ಯೋಚನೆ ದಾರಿಯುದ್ದಕ್ಕೂ ಇಂಜಿನ್ನಿನ ಹಾಗೆ ಬಡಿಯಿತು.

ರೊಪ್ಪದ ಬಾಯಿಗೆ ಬಂದು ಅಪ್ಪನ ಪಕ್ಕ ನಿಂತು, ಅಂದು ಮೊದಲ ಸಲ ಕಣ್ಣು ಬಿಟ್ಟು ನೋಡಿದಳು. ಔಗೆ ಬಂತು. ಅದರ ತಲೆಯ ಮೇಲೆ ಕೊಂಬು ಮೂಡಿ ಆಗಲೇ ತಿರುವು ತೆಗೆದುಕೊಂಡಿತ್ತು. ಬೇಲಿಗೆ ಹಣೆ ಗುದ್ದಿ, ದಾರಿ ಬಿಡು ಎಂಬಂತೆ ಒಳಗೆ ಹೋಯಿತು. ಓರ್ ಬಂತು, ಹೊಟ್ಟೆ ಇಳಿಬಿಟ್ಟುಕೊಂಡು, ಅದು ಗಬ್ಬವಾಗಿತ್ತು. ಹೆರ್ಟ್ಸ್ ಕೂಡ ಅದರ ಹಿಂದೆಯೇ, ಹಾಗೆಯೇ. ಮರಿಗಳೆಲ್ಲ ಟಗರಾಗಿದ್ದವು, ಕುರಿಯಾಗಿದ್ದವು. ಬೆನ್ನೇರಿದ ಮಾತುಗಳೂ ಅವುಗಳ ಜೊತೆಗೇ ಬೆಳೆದು ಡೇರ್, ಡೀ ಆಗಿಬಿಟ್ಟಿದ್ದವು.

ಗುತ್ಯಮ್ಮ ಬೇಲಿಯ ಬದಿಯಲ್ಲಿ ನೆಲದ ಮೇಲೆ ಕೂತುಬಿಟ್ಟಳು. ಅವಳು ಕೂತದ್ದನ್ನು ಕಂಡು ಉಜ್ಜಪ್ಪನಿಗೆ ಗಾಬರಿಯಾಯಿತು. ಉಳಿದ ಕುರಿಗಳನ್ನು ಬೇಗ ಒಳಗೆ ಬಿಟ್ಟು, ಎದುರಿಗೆ ಕುಕ್ಕರಗಾಲಿನಲ್ಲಿ ಕೂತ.

“ಮರಿ ಮೇಲೆ ಇಟ್ಟೆ ಅಪ್ಪ,” ಎಂದಳು. “ಮರಿ ದೊಡ್ಡವಾಗ್ತಾವೆ ಅನ್ನೋದನ್ನೇ ಮರೆತೆ. ಕುರಿಯವನ ಮಗಳಾಗಿ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗಲಿಲ್ಲ. ಹಬ್ಬ ಕಳೆದರೆ ಹೊಸ ಮರಿಗಳು ಬರುತ್ತವೆ, ಅವುಗಳ ಮೇಲೆ ಮತ್ತೆ ಇಡು ಅಂದ. ಅವೂ ಬೆಳೆಯುತ್ತವೆ, ಶಿವರಾತ್ರಿಗೆ ಅವುಗಳಿಗೂ ಕೊಂಬು ಮೊಳೆಯುತ್ತದೆ ಅಂದಳು ಅವಳು. ಉಜ್ಜಪ್ಪ ನೆಲದ ಮೇಲಿನ ಒಂದು ಹಿಕ್ಕೆಯನ್ನು ಬೆರಳಲ್ಲಿ ಉರುಳಿಸುತ್ತ ಯೋಚಿಸಿದ.

“ನೀ ನೋಡಿದ್ರೆ ಬೆಳೀತಾವೆ,” ಎಂದ. “ಆ ಕರಿ ಟಗರು ಬೆಳೀತೇನು? ಮಾರಿದ ದಿನ ಹೆಂಗಿತ್ತೋ ಹಂಗೇ ನಿನ್ನ ತಲ್ಯಾಗೆ ನಿಂತೈತೆ. ಹೊಸ ಮರಿ ಬಂದ ಮೇಲೆ ಬಾ. ಎಲ್ಲಾನೂ ಹೇರಿ ಹೋಗು. ಆಮೇಲೆ ಬೆಂಗಳೂರಿಂದು ಮುಗಿಯೋ ತನಕ ಈ ಕಡೆ ಬರಬ್ಯಾಡ.”

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಏನೆಂದು ಅವನಿಗೂ ಹೊಳೆದಿರಬೇಕು. ಎದ್ದು, ಪಂಚೆ ಕೊಡವಿಕೊಂಡು, ಬೇಲಿಯ ಮುಳ್ಳು ಸರಿಪಡಿಸಲು ಹೋದ. ಅದು ಸರಿಯಾಗಿಯೇ ಇತ್ತು.

ಹಾಗೆಯೇ ಆಯಿತು. ದೀಪಾವಳಿ ಕಳೆದು ಮರಿಗಳು ಬಂದಾಗ ಅವಳು ಬಂದಳು. ಒದ್ದೆ ಮೂತಿಯ ಒಂದೊಂದು ಮರಿಯನ್ನೂ ಮಡಿಲಿಗೆ ಎತ್ತಿಕೊಂಡು ಕಣ್ಣು, ಕಿವಿ, ಹೃದಯ, ರಕ್ತ ಎಂದು ಹಂಚಿದಳು. ಹಂಚಿ, ಹಿಂತಿರುಗಿ ನೋಡದೆ ಶಿಕಾರಿಪುರದ ದಾರಿ ಹಿಡಿದಳು.

ಆ ತಿಂಗಳುಗಳು ಅವಳ ಬದುಕಿನಲ್ಲೇ ಉದ್ದವಾದವು. ಮನೆ ದೂರವಿದ್ದರೆ ಹೇಗೋ ಆಗುತ್ತಿತ್ತು. ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಿಗುವ ಊರು. ಸಂಜೆಯಾದರೆ ಕಾಲು ತಾನಾಗಿ ಅಂಜನಾಪುರದ ರಸ್ತೆಗೆ ತಿರುಗುತ್ತಿತ್ತು. ಊರ ಕೊನೆಯ ಮನೆಯ ತನಕ ನಡೆದು, ಅಲ್ಲಿ ನಿಂತು, ಮರಿಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಒಳಗೆ ಬಿಟ್ಟು, ಹಿಂದಿರುಗುವಳು. ಒಂದೊಂದು ದಿನ ಅವು ಬರುತ್ತಿರಲಿಲ್ಲ. ಆಗ ಮತ್ತೆ ಅಷ್ಟೇ ದೂರ ನಡೆಯುವಳು.

ಸಂಕ್ರಾಂತಿಗೆ ಲೋಕಪ್ಪ ಹೊಸ ಅಕ್ಕಿಯ ಚೀಲ ಹೊತ್ತು ಆಸ್ಪತ್ರೆಗೆ ಬಂದ. ಮರಿಗಳ ಮಾತು ತೆಗೆಯಹೋದಾಗ ಅವಳು ಕೈ ಅಡ್ಡ ಹಿಡಿದಳು. ಅವನು ಚೀಲ ಇಳಿಸಿ, ಟವೆಲಿನಿಂದ ಮುಖ ಒರೆಸಿಕೊಂಡು, ಎಂದಿನ ಕುಹಕವಿಲ್ಲದೆ ಮಾತಾಡಿದ.

“ಅಪ್ಪ ಈಗ ಎಲ್ಲಾ ಒಳಗೆ ಬಿಟ್ಟಾದ ಮೇಲೂ ಕೈ ಹಿಡ್ಕಂಡು ನಿಂತಿರ್ತಾನೆ. ಯಾವ ಕುರಿಗೆ ಅಂತ ಕೇಳಿದೆ. ಕುರಿಗಲ್ಲ ಅಂದ. ಅದು ಅಲ್ಲೈತೆ ಅಂತಾನೆ, ಕೈ ಇಳಿಸ್ತಾನೆ. ದಿನಾ.” ಟವೆಲನ್ನು ಹೆಗಲಿಗೆ ಹಾಕಿಕೊಂಡು ಅಂದ, “ನಿನ್ನ ಯಾರೂ ಮಾರಿಲ್ಲ ತಂಗಿ. ಒಂದ್ಸಲ ಬಂದು ಮುಖ ತೋರಿಸಿ ಹೋಗು.”

ಅವಳು ಚೀಲವನ್ನು ಒಳಗೆ ಎಳೆದಿಟ್ಟಳು. ಅವನು ಹೋದ ಮೇಲೆ ಹೊರಟಳು. ಊರ ಕೊನೆಯ ಮನೆ ದಾಟಿತು, ಹುಣಸೆಮರಗಳ ಸಾಲು ದಾಟಿತು, ನಾಲೆಯ ಏರಿ ಕಾಣಿಸಿತು. ದೂರದಲ್ಲಿ ಒಂದು ಮಂದೆ ಧೂಳೆಬ್ಬಿಸಿಕೊಂಡು ಇಳಿಯುತ್ತಿತ್ತು. ತಮ್ಮದೋ ಬೇರೆಯವರದೋ ತಿಳಿಯಲಿಲ್ಲ. ಇನ್ನು ಹತ್ತು ಹೆಜ್ಜೆ ಹೋದರೆ ತಿಳಿಯುತ್ತಿತ್ತು. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ನಿಂತಲ್ಲೇ ತಿರುಗಿದಳು. ಹಿಂದಿರುಗುವ ದಾರಿಯಲ್ಲಿ ಅವಳಿಗೆ ಅಪ್ಪ ಎತ್ತಿ ಹಿಡಿದ ಕೈ ಕಾಣುತ್ತಲೇ ಇತ್ತು. ಅಲ್ಲಿ ಜರ್ಮನಿಯಲ್ಲೂ ಅದು ಹೀಗೇ ಕಾಣುತ್ತದೆ ಎಂದು ಅವಳಿಗೆ ಅಂದೇ ಗೊತ್ತಾಯಿತು. ಗೊತ್ತಾದ ಮೇಲೂ ಹಿಂದಕ್ಕೆ ತಿರುಗಲಿಲ್ಲ.

ಬೆಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಕುರ್ಚಿ ತೋರಿಸಿದರು. ನಿಂತೇ ಹೇಳಬಹುದೇ ಎಂದು ಗುತ್ಯಮ್ಮ ಕೇಳಿದಳು; ಆ ಒಂದು ವಾಕ್ಯವನ್ನು ಎಲ್ಲಕ್ಕಿಂತ ಚೆನ್ನಾಗಿ ಕಲಿತು ಹೋಗಿದ್ದಳು. ಸಿಸ್ಟರ್ ಹುಬ್ಬೇರಿಸಿ ಒಪ್ಪಿದರು. ಮೇಜಿನ ಮೇಲಿನ ವಸ್ತುಗಳಾದವು. ಆಮೇಲೆ ಅವರು ಕನ್ನಡಕ ತೆಗೆದು ತಮ್ಮ ಕಣ್ಣು ತೋರಿಸಿದರು. ಗುತ್ಯಮ್ಮ ರೊಪ್ಪದ ಬಾಯಲ್ಲಿ ನಿಂತಿದ್ದಳು. ಒದ್ದೆ ಮೂತಿಯ ಒಂದು ಮರಿ, ಇನ್ನೂ ನೆಟ್ಟಗೆ ನಿಲ್ಲಲು ಬಾರದ ಕಾಲುಗಳ ಮೇಲೆ, ಅವಳ ಕೈಯ ಕೆಳಗೆ ಹಾದು ಬಂತು. ಡಾಸ್ ಔಗೆ. ಕಿವಿ ಬಂತು, ಹೃದಯ ಬಂತು, ಒಂದೂ ಬೆಳೆದಿರಲಿಲ್ಲ. ಕೊನೆಗೆ ಒಂದು ಚಿತ್ರದಲ್ಲಿನ ಹುಡುಗಿಯನ್ನು ತೋರಿಸಿದರು. ಹುಡುಗಿಗೆ ಡಾಸ್ ಹಾಕುವುದು ಅನೇಕರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಜಾಗ. ಹೆಣ್ಣುಮಗಳನ್ನು ‘ಅದು’ ಎನ್ನುವ ಸೀಮೆಯ ಪಕ್ಕದಲ್ಲೇ ಬೆಳೆದವಳಿಗೆ ಅಲ್ಲಿ ಕಷ್ಟವೇ ಇರಲಿಲ್ಲ.

ಆಯ್ಕೆಯಾದ ಸುದ್ದಿ ಯುಗಾದಿ ಕಳೆದ ಮೇಲೆ ಬಂತು. ಲೋಕಪ್ಪ ತಲೆ ತಗ್ಗಿಸಿಕೊಂಡು ಉಳವಿಗೆ ಹೋದ. ಆನಂದಪ್ಪನ ತಾಯಿ ಅವನಿಗೆ ಊಟಕ್ಕೆ ಬಡಿಸಿ, ತಾನು ಆವತ್ತೇ ಹೇಳಿರಲಿಲ್ಲವೇ ಎಂದಳಂತೆ, ಕೋಪವಿಲ್ಲದೆ. ವಲೀಸಾಬ್ ಹೊಸದಾಗಿ ಕಲಾಯಿ ಹಾಕಿದ ಒಂದು ಲೋಟ ಕೊಟ್ಟ. ಇನ್ನು ತಪ್ಪಾದರೆ ಮಣಿಕಟ್ಟಿಗೆ ಹೊಡೆಯುವವರು ಯಾರೂ ಇಲ್ಲ, ಧೈರ್ಯವಾಗಿ ತಪ್ಪು ಮಾಡು ಎಂದ. ಆ ಮುದುಕಿ ಇದ್ದಿದ್ದರೆ ಎಂದು ಏನೋ ಹೇಳಹೋಗಿ, ಬೆಂಕಿ ಊದತೊಡಗಿದ.

ಬೆಂಗಳೂರಿನಿಂದ ಬಂದ ಮೇಲೆ ಕಾಗದಪತ್ರಗಳ ಓಡಾಟದಲ್ಲೇ ದಿನ ಕಳೆದು, ಹೊರಡುವ ಹಿಂದಿನ ಸಂಜೆಯೇ ಅವಳು ಮನೆಗೆ ಬಂದಳು. ರೊಪ್ಪದ ಬಾಯಲ್ಲಿ ಅಪ್ಪ ಆಗಲೇ ಕಾಲು ಚಾಚಿ ನಿಂತಿದ್ದ. ಮರಿಗಳಿಗೆ ಕೊಂಬು ಮೊಳೆತಿತ್ತು, ದನಿ ಒಡೆದಿತ್ತು. ಒಂದು ಅವಳನ್ನು ಗುರುತು ಸಿಗದವರ ಹಾಗೆ ಮೂಸಿ ನೋಡಿತು. ಅವಳು ಎಲ್ಲವನ್ನೂ ಕಣ್ತುಂಬ ನೋಡಿದಳು. ಈಗ ನೋಡಬಹುದಿತ್ತು. ಇದು ಬಂತು, ಇದು ಬಂತು ಎಂದು ಅಪ್ಪ ಒಂದೊಂದನ್ನೇ ಬಿಟ್ಟ. ಕೊನೆಯದೂ ಒಳಗೆ ಹೋದ ಮೇಲೆ, ಇಷ್ಟು ತಿಂಗಳ ರೂಢಿಯಂತೆ, ಕೈ ತಾನಾಗಿ ಗಾಳಿಯಲ್ಲಿ ಮೇಲೆದ್ದಿತು. ಬಾಯಿ ತೆರೆದ. ಪಕ್ಕದಲ್ಲಿ ನಿಂತವಳ ಉಸಿರು ಕೇಳಿಸಿರಬೇಕು. ಆ ಕೈಯನ್ನು ತಂದು ಅವಳ ನೆತ್ತಿಯ ಮೇಲೆ ಇಳಿಸಿದ.

“ಇದು ಬಂತು,” ಎಂದ.

ಲೋಕಪ್ಪ ಮುಳ್ಳು ಎಳೆದು ರೊಪ್ಪದ ಬಾಯಿ ಮುಚ್ಚಿದ. ನಾಳೆ ಸಂಜೆಯ ಮಾತು ಯಾವುದೆಂದು ಮೂವರಿಗೂ ಗೊತ್ತಿತ್ತು. ಗುತ್ಯಮ್ಮನ ಕಾಲಿನ ಹೆಬ್ಬೆರಳು ಆಗಲೇ ಮಣ್ಣು ಕೆದಕುತ್ತಿತ್ತು. ಆದರೆ ಅಪ್ಪ ಕೈ ತೆಗೆಯುವ ತನಕ ಅವಳು ನಿಂತಲ್ಲಿಂದ ಅಲುಗಲಿಲ್ಲ.